ಮೊದಲು ಏಟು, ಆಮೇಲೆ ಪಟ್ಟು: ಗ್ಲೋವರ್ ಟೆಶೇರಾ ಕಮ್‌ಬ್ಯಾಕ್

ಇವತ್ತು ಗ್ಲೋವರ್ ಟೆಶೇರಾ ಬಗ್ಗೆ ಮಾತಾಡೋಣ. ಯುಎಫ್‌ಸಿ ನೋಡದೇ ಇರೋರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ಬ್ರೆಜಿಲ್‌ನವರು, ಅಮೆರಿಕದ ಡ್ಯಾನ್ಬರಿ ಅನ್ನೋ ಊರಲ್ಲಿ ನೆಲೆಸಿದವರು. 2021ರ ಅಕ್ಟೋಬರ್ 30ರಂದು ಅಬುಧಾಬಿಯಲ್ಲಿ ಯಾನ್ ಬ್ಲಾಹೋವಿಚ್ ಅವರನ್ನು ಎರಡನೇ ಸುತ್ತಿನಲ್ಲೇ ಸೋಲಿಸಿ ಲೈಟ್ ಹೆವಿವೇಟ್ ಚಾಂಪಿಯನ್ ಆದರು. ಅವರಿಗೆ 42 ತುಂಬಿ ಆಗ ಎರಡೇ ದಿನ ಆಗಿತ್ತು. ಆ ವಯಸ್ಸಲ್ಲಿ ಮೊದಲ ಸಲ ಯುಎಫ್‌ಸಿ ಬೆಲ್ಟ್ ಗೆದ್ದವರು ಅಲ್ಲೀವರೆಗೆ ಯಾರೂ ಇರಲಿಲ್ಲ.

ಅದಕ್ಕಿಂತ ಮುಂಚಿನ ಕಥೆ ನೋಡಿ. 2014ರಲ್ಲಿ ಜಾನ್ ಜೋನ್ಸ್ ವಿರುದ್ಧ ಬೆಲ್ಟ್‌ಗಾಗಿ ಆಡಿ ಸೋತಿದ್ದರು. 2016ರಲ್ಲಿ ಆಂಟನಿ ಜಾನ್ಸನ್ 13 ಸೆಕೆಂಡಲ್ಲಿ ಮಲಗಿಸಿದರು. ಹದಿಮೂರೇ ಸೆಕೆಂಡು. 2017ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಗುಸ್ಟಾಫ್ಸನ್ ನಾಕೌಟ್ ಮಾಡಿದರು. 2018ರಲ್ಲಿ ಕೋರಿ ಆಂಡರ್ಸನ್ ಕೈಯಲ್ಲಿ ಅಂಕಗಳ ಮೇಲೆ ಸೋಲು. ವಯಸ್ಸು 38. ಇನ್ನೇನಿದೆ ಅಂತ ಯಾರಿಗಾದರೂ ಅನ್ನಿಸುತ್ತೆ.

ಬಿ.ಕಾಂ.ನಲ್ಲಿ ನಮಗೆ ಡಿಪ್ರಿಸಿಯೇಷನ್ ಕಲಿಸಿದ್ದರು. ಯಂತ್ರ ಹಳೇದಾದ ಹಾಗೆ ಅದರ ಬೆಲೆಯನ್ನ ಪುಸ್ತಕದಲ್ಲಿ ವರ್ಷ ವರ್ಷ ಇಳಿಸ್ತಾ ಬರಬೇಕು. ಗ್ಲೋವರ್ ಆಟ ನೋಡಿದರೆ ತಮ್ಮ ಲೆಕ್ಕ ತಾವೇ ಬರೆದುಕೊಂಡ ಹಾಗಿದೆ. ಕೈವೇಗ ಇಳೀತು, ಕಾಲೂ ನಿಧಾನ ಆಯ್ತು. ನೆಲದ ಮೇಲಿನ ಪಟ್ಟು ಮಾತ್ರ ಇಳೀಲಿಲ್ಲ. ಅವರು ಜಿಯು ಜಿಟ್ಸು ಬ್ಲ್ಯಾಕ್ ಬೆಲ್ಟ್. ಎದುರಾಳಿಯನ್ನ ಕೆಡವೋದು, ಮೇಲೆ ಭಾರ ಹಾಕೋದು, ಅವನು ಬೆನ್ನು ಕೊಟ್ಟ ತಕ್ಷಣ ಕುತ್ತಿಗೆಗೆ ಕೈ ಸುತ್ತಿ ಬಿಗಿಯೋದು. ಸತತ ಆರು ಗೆಲುವು ಹೆಚ್ಚುಕಡಿಮೆ ಹೀಗೇ ಬಂದವು.

ಆದರೆ ನನಗೆ ಕಸಿವಿಸಿ ಆಗೋದು ಇಲ್ಲೇ. ಆ ಗೆಲುವುಗಳಲ್ಲಿ ಹಲವು ಶುರುವಾಗಿದ್ದೇ ಏಟು ತಿಂದು. ರಾಬರ್ಸನ್ ಮೊಣಕೈಯಿಂದ ಹೊಡೆದಾಗ ಪಂದ್ಯ ಮುಗೀತು ಅನ್ನಿಸಿತ್ತು. ಕುಟೆಲಾಬಾ ಕೂಡ ತತ್ತರಿಸೋ ಹಾಗೆ ಮಾಡಿದ್ದರು. 2020ರ ನವೆಂಬರ್‌ನಲ್ಲಿ ಥಿಯಾಗೊ ಸಾಂಟೋಸ್ ಮೂರನೇ ಸುತ್ತಲ್ಲೂ ಕೆಡವಿದರು, ಎರಡು ನಿಮಿಷದೊಳಗೆ ಅದೇ ಸಾಂಟೋಸ್ ಸೋಲೊಪ್ಪಿ ಕೈ ತಟ್ಟಿದರು. ನಾವು ಸೋಫಾ ಮೇಲೆ ಕೂತು 'ಏನ್ ಗಟ್ಟಿ ಗುರೂ' ಅಂತೀವಿ. ಆ ಗಟ್ಟಿತನದ ಬಿಲ್ ಕಟ್ಟೋದು ಅವರ ತಲೆ.

ಮನುಷ್ಯ ಮಾತ್ರ ಮೆದು. ಅದೇ ವರ್ಷ ಮೇ ತಿಂಗಳಲ್ಲಿ, ಪ್ರೇಕ್ಷಕರಿಲ್ಲದ ಜ್ಯಾಕ್ಸನ್‌ವಿಲ್ ಅಂಗಳದಲ್ಲಿ ಆಂಟನಿ ಸ್ಮಿತ್‌ಗೆ ಹೊಡೀತಾ ಇದ್ದರು. ಸ್ಮಿತ್ ಉದುರಿದ ಹಲ್ಲನ್ನ ರೆಫರಿ ಕೈಗೆ ಕೊಟ್ಟಿದ್ದು ಇದೇ ಪಂದ್ಯದಲ್ಲಿ. ಗ್ಲೋವರ್ ಹೊಡೀತಾನೇ ಸಾರಿ ಕೇಳಿದರು, ಕೆಲಸ ಅಲ್ವಾ ಅನ್ನೋ ಧಾಟೀಲಿ.

ಬೆಲ್ಟ್ ಉಳಿದಿದ್ದು ಏಳು ತಿಂಗಳ ಚಿಲ್ಲರೆ. 2022ರ ಜೂನ್‌ನಲ್ಲಿ ಸಿಂಗಾಪುರದಲ್ಲಿ ಯಿರಿ ಪ್ರೊಹಾಸ್ಕಾ ಎದುರು ಐದನೇ ಸುತ್ತು. ಪ್ರೊಹಾಸ್ಕಾ ತೂರಾಡ್ತಾ ಇದ್ದಾಗ ಗ್ಲೋವರ್ ನಿಂತೇ ಹೊಡೆಯೋದು ಬಿಟ್ಟು ಕುತ್ತಿಗೆ ಹಿಡಿಯೋಕೆ ಹೋದರು, ಹಿಡಿತ ತಪ್ಪಿತು. ಕೊನೆಗೆ 28 ಸೆಕೆಂಡ್ ಉಳಿದಿದ್ದಾಗ ತಮ್ಮದೇ ಪಟ್ಟಿಗೆ ತಾವೇ ಸಿಕ್ಕಿಬಿದ್ದರು. ನನ್ನ ಪ್ರಕಾರ ಅಲ್ಲೇ ನಿಲ್ಲಿಸಬೇಕಿತ್ತು. ಅವರು ಇನ್ನೊಂದು ಆಡಿದರು. 2023ರ ಜನವರಿಯಲ್ಲಿ ರಿಯೊದಲ್ಲಿ, ಸ್ವಂತ ದೇಶದ ಜನರ ಮುಂದೆ, ಜಮಾಹಲ್ ಹಿಲ್ ಐದು ಸುತ್ತೂ ಹೊಡೆದರು. ಮುಖವೆಲ್ಲ ರಕ್ತ. ಪಂದ್ಯ ಮುಗಿದ ಮೇಲೆ, ನನ್ನ ಗಟ್ಟಿತನವೇ ನನ್ನ ಆರೋಗ್ಯಕ್ಕೆ ಒಳ್ಳೇದಲ್ಲ ಅನ್ನೋ ಅರ್ಥದಲ್ಲಿ ಮಾತಾಡಿ, ಗ್ಲೌಸ್ ಬಿಚ್ಚಿ ನೆಲಕ್ಕಿಟ್ಟರು.

ಹತ್ತು ತಿಂಗಳ ನಂತರ ನ್ಯೂಯಾರ್ಕ್‌ನಲ್ಲಿ ಪ್ರೊಹಾಸ್ಕಾ ಅವರನ್ನ ಸೋಲಿಸಿ ಅದೇ ತೂಕದ ಬೆಲ್ಟ್ ಗೆದ್ದವರು ಅಲೆಕ್ಸ್ ಪೆರೇರಾ, ಡ್ಯಾನ್ಬರಿಯಲ್ಲಿ ಗ್ಲೋವರ್ ಬಳಿ ಪಳಗಿದ ಶಿಷ್ಯ.

ಹಳೇ ಪಂದ್ಯ ಹುಡುಕಿ ನೋಡೋರು ಸಾಂಟೋಸ್ ಪಂದ್ಯದಿಂದ ಶುರು ಮಾಡಿ. ರಿಯೊ ಪಂದ್ಯ ಮಾತ್ರ ನಾನು ಇನ್ನೊಂದು ಸಲ ನೋಡಲ್ಲ. ಮುಂದಿನ ವಾರ ಸಿಗೋಣ.