ಮದ್ರಾಸಿನ ಹೆಸರು ಹೊತ್ತ ಕಾಯಿಲೆ



ಬೆಂಗಳೂರಿನ ರೈಲಿನಿಂದ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು ಹೊರಗೆ ಬಂದರೆ ರಸ್ತೆಯಾಚೆ ಎದುರಿಗೇ ಸರ್ಕಾರಿ ಜನರಲ್ ಆಸ್ಪತ್ರೆ. ಈಸ್ಟ್ ಇಂಡಿಯಾ ಕಂಪನಿ 1664ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗೆ ತನ್ನ ಸಿಪಾಯಿಗಳಿಗೆಂದು ತೆರೆದ ಚಿಕ್ಕ ದವಾಖಾನೆಯೇ ಇದರ ಮೂಲ. ಇಲ್ಲಿ ಕೆಲಸ ಮಾಡುತ್ತಿದ್ದ ಮೂವರು ವೈದ್ಯರು 1970ರಲ್ಲಿ ‘ನ್ಯೂರಾಲಜಿ ಇಂಡಿಯಾ’ ಪತ್ರಿಕೆಯಲ್ಲಿ ನಾಲ್ಕು ಪುಟದ ಲೇಖನವೊಂದನ್ನು ಪ್ರಕಟಿಸಿದರು. ಇ. ಮೀನಾಕ್ಷಿಸುಂದರಂ, ಕೆ. ಜಗನ್ನಾಥನ್ ಮತ್ತು ಬಿ. ರಾಮಮೂರ್ತಿ ಆ ಮೂವರು. ಮದ್ರಾಸಿನಲ್ಲಿ ಎಳೆಯ ವಯಸ್ಸಿನವರಿಗೆ ಬರುವ ಮೋಟಾರ್ ನ್ಯೂರಾನ್ ಕಾಯಿಲೆ ಹೇಗಿರುತ್ತದೆ ಎಂಬುದಷ್ಟೇ ಅದರ ವಿಷಯ. ಇವತ್ತಿನ ಮಾತು ಆ ನಾಲ್ಕು ಪುಟಗಳಿಂದ ಹೊರಟ ಕಥೆಯನ್ನು ಕುರಿತದ್ದು.

ಮೊದಲು ಕಾಯಿಲೆ ಏನೆಂದು ಹೇಳಿಬಿಡುತ್ತೇನೆ. ಕೈ ಎತ್ತಬೇಕು ಎಂದು ನಾವು ಅಂದುಕೊಂಡರೆ ಆ ಅಪ್ಪಣೆ ಮಿದುಳಿನಿಂದ ಬೆನ್ನುಹುರಿಗೆ, ಬೆನ್ನುಹುರಿಯಿಂದ ಸ್ನಾಯುವಿಗೆ ತಲುಪಬೇಕು. ಇದನ್ನು ಒಯ್ಯುವ ನರಕೋಶಗಳು ಒಂದೊಂದಾಗಿ ಸಾಯತೊಡಗಿದರೆ ಸ್ನಾಯು ಸೊರಗುತ್ತದೆ. ಅಂಗಿಯ ಗುಂಡಿ ಹಾಕಲು ಬೆರಳು ಏಳುವುದಿಲ್ಲ, ಆಮೇಲೆ ನಡಿಗೆ ಸೋಲುತ್ತದೆ, ನುಂಗುವುದು ಕಷ್ಟವಾಗುತ್ತದೆ. ಪ್ಯಾರಿಸ್ಸಿನ ವೈದ್ಯ ಶಾರ್ಕೋ 1869ರಲ್ಲಿ ಇದನ್ನು ವಿವರಿಸಿದ. ಪಶ್ಚಿಮದ ಪಠ್ಯಪುಸ್ತಕಗಳು ಹೇಳುವ ಪ್ರಕಾರ ಇದು ಹೆಚ್ಚಾಗಿ ಐವತ್ತು ದಾಟಿದವರ ರೋಗ. ಬಂದ ಮೇಲೆ ಬಹುಪಾಲು ಮಂದಿಗೆ ಉಳಿಯುವುದು ಮೂರರಿಂದ ಐದು ವರ್ಷ. ಕಣ್ಣು, ಕಿವಿಗೆ ಏನೂ ಆಗುವುದಿಲ್ಲ.

ಮದ್ರಾಸಿನ ವಾರ್ಡಿನಲ್ಲಿ ಕಂಡದ್ದು ಬೇರೆಯೇ. ಬಂದವರು ಹದಿಹರೆಯದ ಹುಡುಗ ಹುಡುಗಿಯರು. ಕೈಕಾಲು ಸೊರಗಿದ್ದವು ನಿಜ, ಆದರೆ ಎರಡೂ ಬದಿ ಸಮನಾಗಿ ಅಲ್ಲ. ಮುಖದ ಸ್ನಾಯು ಸೋತು ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಮಾತು ಮೂಗಿನಲ್ಲಿ ಬರುತ್ತಿತ್ತು, ನಾಲಿಗೆ ಸಣ್ಣಗಾಗಿತ್ತು. ಅನೇಕರಿಗೆ ಕಿವಿಯೂ ಕೇಳಿಸುತ್ತಿರಲಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಇವರು ಬೇಗ ಸಾಯುತ್ತಿರಲಿಲ್ಲ. ಕಾಯಿಲೆ ನಿಧಾನವಾಗಿ ಮುಂದುವರಿದು, ಕೆಲವರಲ್ಲಿ ಬಹುಕಾಲ ನಿಂತಲ್ಲೇ ನಿಂತು, ವರುಷಗಟ್ಟಲೆ ಬದುಕಲು ಬಿಡುತ್ತಿತ್ತು.

ಆಗ ಸಿ.ಟಿ. ಸ್ಕ್ಯಾನ್ ಇರಲಿಲ್ಲ, ಎಂ.ಆರ್.ಐ. ಮಾತೇ ಇಲ್ಲ. ಮೊಣಕಾಲು ತಟ್ಟುವ ಸುತ್ತಿಗೆ, ಶ್ರವಣ ನೋಡುವ ಶ್ರುತಿಕವಲು, ಸ್ನಾಯುವಿಗೆ ಸೂಜಿ ಚುಚ್ಚಿ ವಿದ್ಯುತ್ ಅಲೆ ನೋಡುವ ಯಂತ್ರ, ಅಷ್ಟೇ. ಹಾಗಿದ್ದೂ ಪಠ್ಯಪುಸ್ತಕಕ್ಕೆ ಹೊಂದದ ರೋಗಿಗಳನ್ನು ‘ಅಪವಾದ’ ಎಂದು ತಳ್ಳಿಹಾಕದೆ ಒಂದು ಗುಂಪಾಗಿ ಕಂಡರಲ್ಲ, ನನ್ನ ಮಟ್ಟಿಗೆ ದೊಡ್ಡ ಸಂಶೋಧನೆ ಅದೇ. ಆ ಮೂವರು ವೈದ್ಯರಲ್ಲಿ ಹಿರಿಯರಾದ ರಾಮಮೂರ್ತಿ ಶಸ್ತ್ರವೈದ್ಯರು. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಲಿತು 1950ರಲ್ಲಿ ಮದ್ರಾಸಿಗೆ ಬಂದವರು. ಮರುವರ್ಷವೇ ವೆಲ್ಲೂರಿನ ಜೇಕಬ್ ಚಾಂಡಿ, ಬಲದೇವ್ ಸಿಂಗ್, ಎಸ್.ಟಿ. ನರಸಿಂಹನ್ ಅವರೊಂದಿಗೆ ಭಾರತೀಯ ನರವಿಜ್ಞಾನ ಸಂಘ ಕಟ್ಟಿದರು. ಲೇಖನ ಅಚ್ಚಾದದ್ದು ಆ ಸಂಘದ ಪತ್ರಿಕೆಯಲ್ಲಿಯೇ.

ವಾರ್ಡಿನಿಂದ ವಿಷಯ ಪ್ರಯೋಗಾಲಯಕ್ಕೆ ಹೋಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. 1973ರಲ್ಲಿ ವಾಲ್ಮೀಕಿನಾಥನ್, ಮಸ್ಕ್ರೀನ್, ಸ್ನೇಹಲತಾ ಅವರು ಮೀನಾಕ್ಷಿಸುಂದರಂ ಜೊತೆಗೂಡಿ ಈ ರೋಗದ ಜೀವರಸಾಯನವನ್ನು ಕುರಿತು ಲಂಡನ್ನಿನ ನರರೋಗ ಪತ್ರಿಕೆಯೊಂದರಲ್ಲಿ ಬರೆದರು. ಅದೇ ವರ್ಷ ಉಷ್ಣವಲಯದ ನರರೋಗಗಳ ಬಗ್ಗೆ ಸ್ಪಿಲ್ಲೇನ್ ಸಂಪಾದಿಸಿದ ಗ್ರಂಥದಲ್ಲಿ ಜಗನ್ನಾಥನ್ ಅವರ ಅಧ್ಯಾಯ ಬಂತು. ಮೋಟಾರ್ ನ್ಯೂರಾನ್ ಕಾಯಿಲೆಗೆ ಊರಿನ ನಂಟು ಇರಬಹುದೇ ಎಂದು ಜಗತ್ತು ಕೇಳುತ್ತಿದ್ದ ಕಾಲ ಅದು. ಪೆಸಿಫಿಕ್ ಸಾಗರದ ಗುವಾಮ್ ದ್ವೀಪದ ಚಮೋರೋ ಜನರಲ್ಲಿ ಈ ಕಾಯಿಲೆ ಬೇರೆಡೆಗಿಂತ ಎಷ್ಟೋ ಪಟ್ಟು ಹೆಚ್ಚೆಂದು ಎರಡನೇ ಮಹಾಯುದ್ಧದ ನಂತರ ಗೊತ್ತಾಗಿತ್ತು. ಅಲ್ಲಿನವರು ತಿನ್ನುವ ಸೈಕಾಡ್ ಬೀಜದ ಮೇಲೆ ಸಂಶಯ ಹುಟ್ಟಿತ್ತು. ಜಪಾನಿನ ಕಿಯಿ ಪರ್ಯಾಯದ್ವೀಪದಲ್ಲೂ ಅಂಥದೇ ಗುಂಪು. ಈ ಸಾಲಿಗೆ ಮದ್ರಾಸೂ ಸೇರಿತು.

ಆದರೆ ಹೆಸರು ಮದ್ರಾಸಿನದಾದರೂ ರೋಗ ಮದ್ರಾಸಿಗಷ್ಟೇ ಸೇರಿದ್ದಲ್ಲ. ಅದನ್ನು ತೋರಿಸಿದ್ದು ಬೆಂಗಳೂರು. ನಿಮ್ಹಾನ್ಸ್‌ನಲ್ಲಿ ನರರೋಗ ಪ್ರಾಧ್ಯಾಪಕಿಯಾಗಿದ್ದು, ಮುಂದೆ ಆ ಸಂಸ್ಥೆಯ ನಿರ್ದೇಶಕಿಯೂ ಆದ ಎಂ. ಗೌರಿದೇವಿ ಅವರು ಸುರೇಶ್ ಜೊತೆ 1988ರಲ್ಲಿ ದಕ್ಷಿಣ ಭಾರತದಲ್ಲಿ ಈ ಮದ್ರಾಸ್ ಮಾದರಿ ಹೇಗಿದೆ ಎಂದು ಬರೆದರು. ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ ಅಲ್ಲಿಗೇ ನಿಲ್ಲುವ ಇನ್ನೊಂದು ಬಗೆಯನ್ನು 1984ರಲ್ಲೇ ವಿವರಿಸಿದ್ದ ಕಣ್ಣು ಅವರದು. ಮುಂದೆ ಅದೇ ಸಂಸ್ಥೆಯ ಎ. ನಳಿನಿ ಮತ್ತು ಸಂಗಡಿಗರು 1971ರಿಂದ 2007ರವರೆಗಿನ ಕಡತಗಳನ್ನು ತೆಗೆದು 116 ರೋಗಿಗಳ ಚರಿತ್ರೆಯನ್ನು 2008ರಲ್ಲಿ ಒಟ್ಟಿಗಿಟ್ಟರು. ಮೂವತ್ತಾರು ವರ್ಷಕ್ಕೆ 116 ಎಂದರೆ ಎಷ್ಟು ಅಪರೂಪದ ಕಾಯಿಲೆ ಎಂದು ಲೆಕ್ಕ ಹಾಕಿ.  ಹಳೆಯ ಕೇಸ್ ಶೀಟುಗಳನ್ನು ಜೋಪಾನವಾಗಿ ಕಟ್ಟಿಟ್ಟ ದಾಖಲೆ ವಿಭಾಗದವರ ಹೆಸರು ಯಾವ ಲೇಖನದ ತಲೆಯಲ್ಲೂ ಬರುವುದಿಲ್ಲ. ನನಗೆ ಅದು ಸರಿ ಕಾಣುವುದಿಲ್ಲ.

ನಡುವೆ 2006ರಲ್ಲಿ ಇದೇ ತಂಡ 15 ಕುಟುಂಬಗಳನ್ನು ಅಧ್ಯಯನ ಮಾಡಿತ್ತು. ಅಣ್ಣನಿಗೂ ತಂಗಿಗೂ ಬಂದಿದೆ ಎಂದರೆ ವಂಶವಾಹಿಯ ಕೈವಾಡ ಇರಲೇಬೇಕಲ್ಲ? ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ದಕ್ಷಿಣದಲ್ಲಿ ಈ ಪ್ರಶ್ನೆಗೆ ಇನ್ನಷ್ಟು ತೂಕ.

ಸತ್ತ ನರಕೋಶವನ್ನು ಕಣ್ಣಾರೆ ನೋಡುವುದು ಇನ್ನೂ ಕಷ್ಟದ ಕೆಲಸ. ರೋಗಿಗಳು ಬಹುಕಾಲ ಬದುಕುತ್ತಾರೆ, ತಮ್ಮ ತಮ್ಮ ಊರಿನಲ್ಲಿ ತೀರಿಕೊಳ್ಳುತ್ತಾರೆ. ಹಾಗಾಗಿ ನಿಮ್ಹಾನ್ಸ್‌ನ ಎಸ್.ಕೆ. ಶಂಕರ್, ಗೌರಿದೇವಿ ಮುಂತಾದವರು 2000ದಲ್ಲಿ ಪ್ರಕಟಿಸಿದ ಮರಣೋತ್ತರ ಅಧ್ಯಯನಕ್ಕೆ ಬೆಲೆ ಹೆಚ್ಚು. ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಅಪ್ಪಣೆ ಕಳಿಸುವ ಕೋಶಗಳು ಅಳಿದಿದ್ದವು, ಮಿದುಳುಕಾಂಡದ ಶ್ರವಣಕೇಂದ್ರದಲ್ಲೂ ಹಾನಿಯಾಗಿತ್ತು. ಕಿವುಡುತನ ಕಾಕತಾಳೀಯವಲ್ಲ, ರೋಗದ್ದೇ ಭಾಗ ಎಂಬುದಕ್ಕೆ ಸಾಕ್ಷಿ ಸಿಕ್ಕಿತು.

ಈಗ ಎರಡೂ ಊರುಗಳಲ್ಲಿ ಮಿದುಳಿನ ದೊಡ್ಡ ದೊಡ್ಡ ಕೇಂದ್ರಗಳಿವೆ. ಇನ್ಫೋಸಿಸ್‌ನ ಸಹಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ನೆರವಿನಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೊಂದು, ಅವರು ಓದಿದ ಚೆನ್ನೈ ಐಐಟಿಯಲ್ಲಿ ಸುಧಾ ಗೋಪಾಲಕೃಷ್ಣನ್ ಹೆಸರಿನಲ್ಲೊಂದು. ಬೆಂಗಳೂರಿನವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗರನ್ನು ವರ್ಷ ವರ್ಷವೂ ಪರೀಕ್ಷಿಸಿ ಮರೆವಿನ ಕಾಯಿಲೆಯ ಬೇರು ಹುಡುಕುತ್ತಿದ್ದಾರೆ. ಚೆನ್ನೈಯವರು ಭ್ರೂಣದ ಮಿದುಳನ್ನು 5,132 ತೆಳು ಪದರಗಳ ಚಿತ್ರವಾಗಿಸಿ 2024ರಲ್ಲಿ ಜಗತ್ತಿಗೆ ಬಿಟ್ಟುಕೊಟ್ಟಿದ್ದಾರೆ. ದೊಡ್ಡ ಕೆಲಸಗಳೇ. ಆದರೂ ಹದಿನಾರರ ಹುಡುಗಿಯ ಕೈ ಸೊರಗಿಸುವ ಅಪರೂಪದ ಕಾಯಿಲೆಯ ಕಡೆಗೆ ಇಷ್ಟು ಬೆಳಕು ಬಿದ್ದಿಲ್ಲ ಎಂದೇ ನನ್ನ ಭಾವನೆ.

ಕೊನೆಯ ತಿರುವಿಗೆ ಬರುತ್ತೇನೆ. ಕಿವುಡು, ನುಂಗಲಾಗದಿರುವುದು, ಸ್ನಾಯು ಸೋಲು ಒಟ್ಟಾಗಿ ಬರುವ ಇನ್ನೊಂದು ಕಾಯಿಲೆಯನ್ನು ಯೂರೋಪಿನವರು ಬ್ರೌನ್, ವಿಯಾಲೆಟ್ಟೊ, ವಾನ್ ಲೇರ್ ಎಂಬ ಮೂವರ ಹೆಸರಿನಿಂದ ಕರೆಯುತ್ತಾರೆ. ರೈಬೋಫ್ಲೇವಿನ್, ಅಂದರೆ ಬಿ2 ವಿಟಮಿನ್ನನ್ನು ಕೋಶದೊಳಕ್ಕೆ ಸಾಗಿಸುವ ಜೀನ್ ಕೆಟ್ಟರೆ ಅದು ಬರುತ್ತದೆಂದು 2010ರಲ್ಲಿ ತಿಳಿಯಿತು. ಹೆಚ್ಚು ಪ್ರಮಾಣದ ಬಿ2 ಕೊಟ್ಟರೆ ಹಲವು ಮಕ್ಕಳು ಚೇತರಿಸಿಕೊಂಡರು. ಮದ್ರಾಸಿನದೂ ಇದೇ ಇರಬಹುದೇ? ನಳಿನಿಯವರು ಲಂಡನ್ನಿನ ಹೆನ್ರಿ ಹೌಲ್ಡನ್ ತಂಡದೊಡನೆ ತಮ್ಮ ರೋಗಿಗಳ ಆ ಜೀನ್‌ಗಳನ್ನು ಓದಿಸಿದರು. 2013ರಲ್ಲಿ ಉತ್ತರ ಬಂತು: ಅಲ್ಲ, ಇದು ಬೇರೆ. ಕಾರಣ ಇವತ್ತಿಗೂ ಕೈಗೆ ಸಿಕ್ಕಿಲ್ಲ.

ಆ ಹುಡುಕಾಟದ ಒಂದು ಫಲ ಮಾತ್ರ ಕೇಳುಗರಿಗೆ ನೇರವಾಗಿ ಉಪಯೋಗಕ್ಕೆ ಬರುವಂಥದ್ದು. ಮಗುವಿಗೆ ಕಿವಿ ಮಂದವಾಗಿ, ಜೊತೆಗೇ ನುಂಗಲು ಕಷ್ಟವಾಗಿ, ಕೈಕಾಲಿನ ಬಲ ಕುಗ್ಗುತ್ತಿದ್ದರೆ ನರರೋಗ ತಜ್ಞರಲ್ಲಿಗೆ ಕೂಡಲೇ ಕರೆದೊಯ್ಯಬೇಕು. ಅಂಥ ಮಗುವಿಗೆ ತಜ್ಞರು ಜೀನ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಬಿ2 ಶುರು ಮಾಡುತ್ತಾರೆ. ಮಾತ್ರೆ ಅಗ್ಗ, ಅಪಾಯ ಕಡಿಮೆ. ಜೀನ್ ಸರಿಯಿದೆ, ಇದು ಮದ್ರಾಸ್ ಬಗೆಯೇ ಎಂದು ತೀರ್ಮಾನವಾದರೆ ಆಮೇಲೆ ಕಿವಿಗೆ ಶ್ರವಣಯಂತ್ರ, ಕೈಕಾಲಿಗೆ ವ್ಯಾಯಾಮ, ಮೃದುವಾದ ಊಟ. ಓದು ಬಿಡಿಸುವ ಅಗತ್ಯವಿಲ್ಲ. ಮುಂದೆ ಬದುಕಿಗೆ ಬಹಳ ವರ್ಷಗಳಿವೆ.