ಕಪ್‌ನ ಹಳದಿ ಕಾರ್ಡಿಗೆ ಲೀಗ್‌ನಲ್ಲಿ ಶಿಕ್ಷೆಯೇ?



ಶನಿವಾರದ ಕನ್ನಡ ತರಗತಿಯ ಬಿಡುವಿನಲ್ಲಿ ನೀವೆಲ್ಲ ಫುಟ್‌ಬಾಲ್ ಬಗ್ಗೆ ವಾದ ಮಾಡುವುದನ್ನು ನಾನು ಕೇಳುತ್ತಲೇ ಇರುತ್ತೇನೆ. ಯಾವ ತಂಡ ದೊಡ್ಡದು ಎಂಬ ಜಗಳಕ್ಕೆ ನಾನು ಬರುವುದಿಲ್ಲ, ಅದು ಮುಗಿಯುವಂಥದ್ದಲ್ಲ. ಆದರೆ ನಿಮ್ಮ ಮಾತಿನ ನಡುವೆ ಬಂದ ಒಂದು ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಕಪ್ ಪಂದ್ಯದಲ್ಲಿ ಹಳದಿ ಕಾರ್ಡ್ ಕಂಡ ಆಟಗಾರನನ್ನು ಲೀಗ್ ಪಂದ್ಯದಿಂದ ಹೊರಗಿಡಬಹುದೇ? ಇವತ್ತು ಅದರ ಬಗ್ಗೆಯೇ ನಾಲ್ಕು ಮಾತು.

ಮೊದಲು ಹಳದಿ ಕಾರ್ಡ್ ಹೇಗೆ ಬಂತು ನೋಡೋಣ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ನಡುವಿನ ಪಂದ್ಯ ಗಲಾಟೆಯಲ್ಲಿ ಮುಗಿಯಿತು. ರೆಫರಿ ಯಾರಿಗೆ ಎಚ್ಚರಿಕೆ ಕೊಟ್ಟರು ಎಂಬುದೇ ಆಟಗಾರರಿಗೆ ಸರಿಯಾಗಿ ತಿಳಿಯಲಿಲ್ಲ. ಆಗ ರೆಫರಿಗಳ ಉಸ್ತುವಾರಿ ನೋಡುತ್ತಿದ್ದ ಇಂಗ್ಲೆಂಡಿನ ಕೆನ್ ಆಸ್ಟನ್ ಅವರಿಗೆ ಲಂಡನ್ನಿನ ಟ್ರಾಫಿಕ್ ಸಿಗ್ನಲ್ ನೋಡಿ ಒಂದು ಉಪಾಯ ಹೊಳೆಯಿತು. ಹಳದಿ ಎಂದರೆ ಜೋಪಾನ, ಕೆಂಪು ಎಂದರೆ ನಿಲ್ಲು. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಕಾರ್ಡುಗಳು ಮೈದಾನಕ್ಕೆ ಬಂದವು. ಅಂದರೆ ಹಳದಿ ಕಾರ್ಡ್ ಹುಟ್ಟಿದ್ದೇ ಎಚ್ಚರಿಕೆಯಾಗಿ. ಅದು ಶಿಕ್ಷೆಯಾಗುವುದು ಲೆಕ್ಕ ಕೂಡಿಸಿದಾಗ. ಹಾಗಾಗಿ ನಮ್ಮ ಪ್ರಶ್ನೆ ಇರುವುದು ಆ ಲೆಕ್ಕದ ಪುಸ್ತಕದಲ್ಲಿ. ಪುಸ್ತಕ ಒಂದೇ ಇರಬೇಕೋ, ಸ್ಪರ್ಧೆಗೊಂದು ಇರಬೇಕೋ?

ಇಂಗ್ಲೆಂಡಿನಲ್ಲಿ ಬಹಳ ಕಾಲ ಪುಸ್ತಕ ಒಂದೇ ಇತ್ತು. ಪ್ರೀಮಿಯರ್ ಲೀಗ್, ಎಫ್‌ಎ ಕಪ್, ಲೀಗ್ ಕಪ್ ಎಲ್ಲ ಸೇರಿಸಿ ಡಿಸೆಂಬರ್ 31ರೊಳಗೆ ಐದು ಹಳದಿ ಕಾರ್ಡ್ ಆದರೆ ಒಂದು ಪಂದ್ಯ ಹೊರಗೆ. 2018-19ರ ಋತುವಿನಿಂದ ಲೆಕ್ಕ ಬೇರೆ ಬೇರೆಯಾಯಿತು. ಈಗ ಪ್ರೀಮಿಯರ್ ಲೀಗ್‌ನಲ್ಲಿ ಮೊದಲ 19 ಪಂದ್ಯಗಳೊಳಗೆ ಐದು ಕಾರ್ಡ್ ಬಿದ್ದರೆ ಲೀಗ್‌ನಲ್ಲೇ ಒಂದು ಪಂದ್ಯ ತಪ್ಪುತ್ತದೆ. ಎಫ್‌ಎ ಕಪ್‌ನಲ್ಲಿ ಕ್ವಾರ್ಟರ್ ಫೈನಲ್ ಮುಗಿಯುವುದರೊಳಗೆ ಎರಡು ಕಾರ್ಡ್ ಬಿದ್ದರೆ ಅದೇ ಕಪ್‌ನ ಒಂದು ಪಂದ್ಯ ತಪ್ಪುತ್ತದೆ.

ಈ ಬದಲಾವಣೆ ಸರಿಯೆಂದು ನನ್ನ ಅಭಿಪ್ರಾಯ. ಆದರೆ ಎದುರು ಪಕ್ಷದ ವಾದವನ್ನೂ ಕೇಳಬೇಕು, ಅದು ಹಗುರವಾದದ್ದಲ್ಲ.

ನಿಮ್ಮಲ್ಲಿ ಕೆಲವರು ಈಗ ಡ್ರೈವಿಂಗ್ ಕಲಿಯುತ್ತಿದ್ದೀರಿ. ಮ್ಯಾಂಚೆಸ್ಟರ್‌ನಲ್ಲಿ ವೇಗ ಮೀರಿ ಓಡಿಸಿದರೆ ಲೈಸೆನ್ಸಿನ ಮೇಲೆ ಬೀಳುವ ಪಾಯಿಂಟು ಲಂಡನ್ನಿನಲ್ಲೂ ಇರುತ್ತದೆ. ಲೈಸೆನ್ಸ್ ಸಿಕ್ಕಿದ ಎರಡು ವರ್ಷದೊಳಗೆ ಆರು ಪಾಯಿಂಟು ಆದರೆ ಅದೇ ಹೋಗುತ್ತದೆ. "ನಾನು ಆ ಊರಲ್ಲಿ ತಪ್ಪು ಮಾಡಿದ್ದು, ಈ ಊರಲ್ಲಿ ಅಲ್ಲ" ಎಂದರೆ ಯಾರೂ ಕೇಳುವುದಿಲ್ಲ. ಮಾಡಿದ್ದುಣ್ಣೋ ಮಹರಾಯ ಎಂದು ನಮ್ಮವರು ಹೇಳುವುದು ಇದನ್ನೇ. ಆಟಗಾರನೂ ಒಬ್ಬನೇ, ಅವನ ಕಾಲೂ ಅವೇ, ಕೋಪವೂ ಅದೇ. ಮಂಗಳವಾರ ರಾತ್ರಿ ಕಪ್ ಪಂದ್ಯದಲ್ಲಿ ಎದುರಾಳಿಯ ಅಂಗಿ ಹಿಡಿದೆಳೆದವನು ಶನಿವಾರ ಲೀಗ್ ಪಂದ್ಯಕ್ಕೆ ಬರುವಾಗ ಹೊಸ ಮನುಷ್ಯನಾಗಿ ಬರುತ್ತಾನೆಯೇ?

ಒಳ್ಳೆಯ ಪ್ರಶ್ನೆ. ಆದರೆ ಲೈಸೆನ್ಸಿಗೂ ಫುಟ್‌ಬಾಲಿಗೂ ಒಂದು ವ್ಯತ್ಯಾಸವಿದೆ. ಲೈಸೆನ್ಸ್ ಹೋದರೆ ನಷ್ಟ ಮುಖ್ಯವಾಗಿ ಓಡಿಸಿದವನಿಗೆ. ಆಟಗಾರ ಹೊರಗುಳಿದರೆ ಪಂದ್ಯವೇ ಬದಲಾಗುತ್ತದೆ. ಅವನ ಹತ್ತು ಮಂದಿ ಜೊತೆಗಾರರಿಗೆ ನಷ್ಟ. ಅಷ್ಟೇ ಅಲ್ಲ, ಅವನು ಯಾರನ್ನು ಕೆಡವಿದನೋ ಆ ತಂಡಕ್ಕೆ ಏನೂ ಸಿಗುವುದಿಲ್ಲ. ಲಾಭವೆಲ್ಲ ಮುಂದಿನ ಶನಿವಾರ ಎದುರಾಗುವ, ಇದಕ್ಕೆ ಸಂಬಂಧವೇ ಇಲ್ಲದ ಮೂರನೆಯ ತಂಡಕ್ಕೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ನಿಮಗೆ ಗೊತ್ತಿರಬಹುದು. ಹಿಂದೆ ಹಳ್ಳಿಗಳಲ್ಲಿ ಕಾಯಿಲೆಯ ದನಕ್ಕೆ ಕಾದ ಕಬ್ಬಿಣದಿಂದ ಬರೆ ಎಳೆಯುತ್ತಿದ್ದರು. ಕಾಯಿಲೆ ಒಂದಕ್ಕೆ, ಬರೆ ಇನ್ನೊಂದಕ್ಕೆ ಆದರೆ ಎರಡೂ ಗುಣವಾಗುವುದಿಲ್ಲ.

ಇನ್ನೂ ಒಂದು ವಿಷಯ. ಲೀಗ್‌ನ ನ್ಯಾಯ ನಿಂತಿರುವುದು ಸಮಾನತೆಯ ಮೇಲೆ. 20 ತಂಡ, ಪ್ರತಿ ತಂಡಕ್ಕೂ 38 ಪಂದ್ಯ, ಎಲ್ಲರೂ ಎಲ್ಲರೊಡನೆ ಎರಡು ಸಲ. ಕಪ್ ಹಾಗಲ್ಲ. ಸೋತವರು ಮನೆಗೆ, ಗೆದ್ದವರು ಮುಂದಕ್ಕೆ. ಹಳೆಯ ನಿಯಮದಲ್ಲಿ ಏನಾಗುತ್ತಿತ್ತೆಂದು ಲೆಕ್ಕ ಹಾಕಿ. ವರ್ಷದ ಕೊನೆಯ ಹೊತ್ತಿಗೆ ಎರಡು ತಂಡಗಳೂ 19 ಲೀಗ್ ಪಂದ್ಯ ಆಡಿವೆ ಎನ್ನೋಣ. ಒಂದು ತಂಡ ಲೀಗ್ ಕಪ್‌ನಲ್ಲಿ ಮೊದಲ ಪಂದ್ಯಕ್ಕೇ ಸೋತಿದೆ, ಇನ್ನೊಂದು ನಾಲ್ಕು ಪಂದ್ಯ ಆಡಿದೆ. ಮೊದಲ ತಂಡದ ಆಟಗಾರನಿಗೆ ಐದು ಕಾರ್ಡಿನ ಮಿತಿ 20 ಪಂದ್ಯಕ್ಕೆ, ಎರಡನೆಯವನಿಗೆ ಅದೇ ಮಿತಿ 23 ಪಂದ್ಯಕ್ಕೆ. ಕಪ್‌ನಲ್ಲಿ ಗೆದ್ದದ್ದಕ್ಕೆ ಲೀಗ್‌ನಲ್ಲಿ ತೆರಿಗೆ ಕಟ್ಟಿದ ಹಾಗಾಯಿತು. ಇದರ ತಿರುವುಮುರುವೂ ಇತ್ತು. ಲೀಗ್‌ನಲ್ಲಿ ಐದನೆಯ ಕಾರ್ಡ್ ಬಿದ್ದು, ಮುಂದಿನ ಪಂದ್ಯ ಸಣ್ಣ ತಂಡದೊಡನೆ ಕಪ್ ಪಂದ್ಯವಾಗಿದ್ದರೆ ಶಿಕ್ಷೆ ಅಲ್ಲೇ ತೀರಿಹೋಗುತ್ತಿತ್ತು. ಹೇಗೂ ವಿಶ್ರಾಂತಿ ಕೊಡಬೇಕಿದ್ದ ಆಟಗಾರನಿಗೆ ಅದೊಂದು ಶಿಕ್ಷೆಯೇ?

ಯುರೋಪಿನ ಸ್ಪರ್ಧೆಗಳಲ್ಲಿ ಪುಸ್ತಕ ಬೇರೆ ಎಂಬುದು ಹಳೆಯ ಪದ್ಧತಿ. 1999ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರಾಯ್ ಕೀನ್ ಮತ್ತು ಪಾಲ್ ಸ್ಕೋಲ್ಸ್ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಯುವೆಂಟಸ್ ವಿರುದ್ಧ ಹಳದಿ ಕಾರ್ಡ್ ಕಂಡರು. ಬಾರ್ಸಿಲೋನಾದಲ್ಲಿ ನಡೆದ ಫೈನಲ್ ಇಬ್ಬರಿಗೂ ತಪ್ಪಿತು. ಅದಕ್ಕೆ ನಾಲ್ಕು ದಿನ ಮೊದಲು ನಡೆದ ಎಫ್‌ಎ ಕಪ್ ಫೈನಲ್‌ನಲ್ಲಿ ಇಬ್ಬರೂ ಇದ್ದರು, ಸ್ಕೋಲ್ಸ್ ಗೋಲನ್ನೂ ಹೊಡೆದರು. ಕಪ್‌ನ ಶಿಕ್ಷೆ ಕಪ್‌ನಲ್ಲೇ ಉಳಿಯಿತು. ಹಾಗೆಂದು ಅದು ಸಣ್ಣ ಶಿಕ್ಷೆಯಾಯಿತೇ? ಆ ಇಬ್ಬರನ್ನು ಕೇಳಿದರೆ ಗೊತ್ತಾದೀತು.

"ಹಾಗಾದರೆ ಕಪ್‌ನಲ್ಲಿ ಹೇಗೆ ಬೇಕಾದರೂ ಆಡಬಹುದಲ್ಲ" ಎಂದು ನೀವು ಕೇಳಬಹುದು. ಇಲ್ಲ. ಕಪ್‌ನ ಮಿತಿ ಎರಡು ಕಾರ್ಡ್, ಲೀಗ್‌ನದು ಐದು; ಕಪ್‌ನದೇ ಹೆಚ್ಚು ಬಿಗಿ. ಅದೇ ಪಂದ್ಯದಲ್ಲಿ ಎರಡನೆಯ ಹಳದಿ ಬಿದ್ದರೆ ಕೆಂಪು ಹೇಗೂ ಇದೆ. ಆದರೆ ಒಂದು ಸಂದಿ ಉಳಿದಿದೆ ಎಂದು ಒಪ್ಪಬೇಕು. ಸೋತು ಹೊರಬಿದ್ದ ತಂಡದ ಆಟಗಾರನಿಗೆ ಆ ಒಂದು ಹಳದಿ ಕಾರ್ಡಿನಿಂದ ಮುಂದೇನೂ ಆಗುವುದಿಲ್ಲ. ಅದಕ್ಕೆ ಮದ್ದು ನಿಮ್ಮ ಭಾನುವಾರದ ಪಂದ್ಯಗಳಲ್ಲೇ ಇದೆ. 2019-20ರಿಂದ ಇಂಗ್ಲೆಂಡಿನ ತಳಮಟ್ಟದ ಫುಟ್‌ಬಾಲ್‌ನಲ್ಲಿ ರೆಫರಿಗೆ ಎದುರು ಮಾತಾಡಿ ಹಳದಿ ಕಾರ್ಡ್ ಕಂಡವನು, 90 ನಿಮಿಷದ ಪಂದ್ಯವಾದರೆ, 10 ನಿಮಿಷ ಹೊರಗೆ ನಿಲ್ಲಬೇಕು. ಸಿನ್ ಬಿನ್ ಎಂದು ನೀವೇ ಹೇಳುತ್ತೀರಲ್ಲ, ಅದು. ತಪ್ಪು ನಡೆದ ದಿನವೇ, ಅದೇ ಮೈದಾನದಲ್ಲೇ, ಅದೇ ಎದುರಾಳಿಯ ಮುಂದೆಯೇ ಲೆಕ್ಕ ತೀರುತ್ತದೆ.

ಇನ್ನು ಕೆಲವು ತಪ್ಪುಗಳಿಗೆ ಗಡಿ ಇರಬಾರದು. ಹೊಡೆದಾಟಕ್ಕೆ ನೇರ ಕೆಂಪು ಕಾರ್ಡ್ ಕಂಡವನಿಗೆ ಇಂಗ್ಲೆಂಡಿನಲ್ಲಿ ಮೂರು ಪಂದ್ಯದ ನಿಷೇಧ. ಲೀಗ್, ಕಪ್ ಎಂಬ ಭೇದವಿಲ್ಲ. 2014ರ ವಿಶ್ವಕಪ್‌ನಲ್ಲಿ ಉರುಗ್ವೆಯ ಲೂಯಿಸ್ ಸುವಾರೆಜ್ ಇಟಲಿಯ ಕಿಯೆಲ್ಲಿನಿಯವರನ್ನು ಕಚ್ಚಿದಾಗ ಫಿಫಾ ಒಂಬತ್ತು ಅಂತರರಾಷ್ಟ್ರೀಯ ಪಂದ್ಯಗಳ ಜೊತೆಗೆ ನಾಲ್ಕು ತಿಂಗಳು ಎಲ್ಲ ಫುಟ್‌ಬಾಲ್‌ನಿಂದ ಹೊರಗಿಟ್ಟಿತು. ಆ ಬೇಸಿಗೆಯಲ್ಲಿ ಅವರನ್ನು ಕೊಂಡ ಬಾರ್ಸಿಲೋನಾ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಇದು ನನಗೆ ಅನ್ಯಾಯ ಅನಿಸುವುದಿಲ್ಲ. ಇನ್ನೊಬ್ಬರ ಮೈಗೆ ಅಪಾಯ ಮಾಡುವವನು ಎಲ್ಲಿ ಆಡಿದರೂ ಅಪಾಯವೇ. ಲೈಸೆನ್ಸಿನ ಹೋಲಿಕೆ ಸರಿಯಾಗಿ ಹೊಂದುವುದು ಇಲ್ಲಿ.

ಹಾಗಾಗಿ ನಾನು ಎಳೆಯುವ ಗೆರೆ ಇಷ್ಟು. ಎಚ್ಚರಿಕೆ ಕೊಟ್ಟ ಜಾಗದಲ್ಲೇ ಇರಲಿ, ಹಿಂಸೆ ಮಾಡಿದವನ ಹಿಂದೆ ಹೋಗಲಿ.

ಇದು ಫುಟ್‌ಬಾಲಿಗಷ್ಟೇ ಸಂಬಂಧಿಸಿದ ಮಾತಲ್ಲ ಎಂದು ನಿಮಗೆ ಆಗಲೇ ಅನಿಸಿರಬೇಕು. ಗಣಿತದಲ್ಲಿ ಅಂಕ ಕಡಿಮೆಯಾದರೆ ಭಾನುವಾರದ ಪಂದ್ಯಕ್ಕೆ ಹೋಗಬೇಡ ಎನ್ನುವುದು ನಮ್ಮ ಅನೇಕ ಮನೆಗಳಲ್ಲಿ ಇದೆ. ನಿಮ್ಮ ಅಪ್ಪ ಅಮ್ಮನಿಗೂ ಅವರ ಕಾರಣಗಳಿವೆ. ಆದರೂ ನೀವು ಆ ದಿನ ಬರದಿದ್ದರೆ ಹತ್ತೇ ಮಂದಿಯಲ್ಲಿ ಆಡುವವರು ಯಾರು ಎಂದು ಅವರನ್ನು ಸಮಾಧಾನದಿಂದ ಕೇಳಿ ನೋಡಿ. ಬಾಗಿಲು ಬಡಿದು ಕೇಳಬೇಡಿ, ಅದಕ್ಕೆ ಬೇರೆಯೇ ಕಾರ್ಡ್ ಬೀಳುತ್ತದೆ. ಕೇಳುವಾಗ ಎತ್ತು, ಎಮ್ಮೆಯ ಗಾದೆಯನ್ನು ಕನ್ನಡದಲ್ಲೇ ಹೇಳಿ. ಅರ್ಧ ವಾದ ಅಲ್ಲೇ ಗೆದ್ದಿರುತ್ತೀರಿ.