ವೇಂಬನಾಡಿನ ಕಪ್ಪು ಕಕ್ಕ
(ಭಾಷಣದ ಪಠ್ಯ)



ಬಸವನಹುಳು, ಶಂಖ, ಕವಡೆ, ಕಪ್ಪೆಚಿಪ್ಪು, ಎಂಟು ತೋಳುಗಳ ಅಷ್ಟಪದಿ - ಇವೆಲ್ಲ ಒಂದೇ ವಂಶದ ಜೀವಿಗಳೆಂದರೆ ಸುಲಭವಾಗಿ ನಂಬಿಕೆ ಹುಟ್ಟದು. ಪ್ರಾಣಿಶಾಸ್ತ್ರವು ಇವನ್ನು ಮೃದ್ವಂಗಿಗಳೆಂದು ಕರೆಯುತ್ತದೆ. ಮೆತ್ತನೆಯ ಒಡಲು, ಅದರ ಮೇಲೊಂದು ಚರ್ಮದ ಹೊದಿಕೆ, ಬಹುಪಾಲು ಜೀವಿಗಳಲ್ಲಿ ಆ ಹೊದಿಕೆಯೇ ಸ್ರವಿಸಿ ಕಟ್ಟಿಕೊಂಡ ಸುಣ್ಣದ ಚಿಪ್ಪು: ಇವು ಈ ವಂಶದ ಲಕ್ಷಣಗಳು. ಇವುಗಳಲ್ಲಿ ಎರಡು ಚಿಪ್ಪಿನವುಗಳಿಗೆ ತಲೆಯೇ ಇಲ್ಲ. ಕಿವಿರುಗಳೇ ಜರಡಿಯಂತೆ ನೀರನ್ನು ಸೋಸಿ ಸೂಕ್ಷ್ಮ ಆಹಾರವನ್ನು ಬಾಯಿಗೆ ಒದಗಿಸುತ್ತವೆ.

ಕೊಚ್ಚಿಯ ಪಾಲಾರಿವಟ್ಟಂನಿಂದ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿ, ಚೇರ್ತಲದಲ್ಲಿ ಪೂರ್ವಕ್ಕೆ ತಿರುಗಿದರೆ ವೇಂಬನಾಡು ಹಿನ್ನೀರನ್ನು ಅಡ್ಡಗಟ್ಟಿರುವ ತಣ್ಣೀರ್‌ಮುಕ್ಕಂ ಒಡ್ಡು ಎದುರಾಗುತ್ತದೆ. ಈ ಹಿನ್ನೀರಿನ ತಳದ ಕೆಸರಿನಲ್ಲಿ ವಾಸಿಸುವ ಕಪ್ಪು ಚಿಪ್ಪಿನ ಜೀವಿಯನ್ನು ಅಲ್ಲಿನ ಜನ 'ಕಕ್ಕ' ಎನ್ನುತ್ತಾರೆ. ನಮ್ಮ ಕುಮಟಾ ಕಡೆಯ ಅಘನಾಶಿನಿ ಅಳಿವೆಯ ಬಳಚಿಗೆ ಇದು ದೂರದ ಬಂಧು. ದೋಣಿಯಿಂದ ಉದ್ದನೆಯ ಗಳುವಿಗೆ ಕಟ್ಟಿದ ಬಲೆಚೀಲದಿಂದ ಕೆರೆದು, ಇಲ್ಲವೇ ಮುಳುಗಿ ಕೈಯಿಂದ ಬಾಚಿ ಇದನ್ನು ಮೇಲೆತ್ತುವರು. ಮನೆಯಂಗಳದಲ್ಲಿ ಹೆಂಗಸರು ಬೇಯಿಸಿ ಮಾಂಸ ಬೇರ್ಪಡಿಸುವರು. ಚಿಪ್ಪು ಸುಣ್ಣಕ್ಕೆ ಹೋಗುತ್ತದೆ. ಹಿಂದಿನ ಕಾಲದ ಚಿಪ್ಪುಗಳು ತಳದಡಿಯಲ್ಲಿ ಪದರಗಟ್ಟಿವೆ. ಕೋಟ್ಟಯಂ ಬಳಿ 1946ರಲ್ಲಿ ಸ್ಥಾಪನೆಯಾದ ತಿರುವಾಂಕೂರು ಸಿಮೆಂಟ್ಸ್ ಕಾರ್ಖಾನೆಯು ದಶಕಗಳ ಕಾಲ ಬಿಳಿ ಸಿಮೆಂಟು ತಯಾರಿಸಿದ್ದು ಅವುಗಳಿಂದಲೇ. ಹಿಡಿಯಷ್ಟು ದೊಡ್ಡದೂ ಅಲ್ಲದ ಜೀವಿಯೊಂದು ಕಾರ್ಖಾನೆಯನ್ನೇ ಸಾಕಿದ ನಿದರ್ಶನ ಅಪರೂಪವೇ ಸರಿ.

ಕಕ್ಕಕ್ಕೆ ಹದವಾದ ನೀರು ಬೇಕು. ಮಳೆಗಾಲದಲ್ಲಿ ಪಂಪಾ, ಮೀನಚ್ಚಿಲ್ ಮೊದಲಾದ ನದಿಗಳು ಹಿನ್ನೀರನ್ನು ಸಿಹಿಯಾಗಿಸುತ್ತವೆ. ಬೇಸಿಗೆಯಲ್ಲಿ ಕೊಚ್ಚಿಯ ಅಳಿವೆಯ ಮೂಲಕ ಕಡಲಿನ ಉಪ್ಪು ಒಳನುಗ್ಗುತ್ತದೆ. ಕಕ್ಕವು ಸಿಹಿನೀರನ್ನು ಬಹುಮಟ್ಟಿಗೆ ತಾಳಿಕೊಳ್ಳಬಲ್ಲದು. ಆದರೆ ಅದರ ಸಂತಾನೋತ್ಪತ್ತಿಗೆ ನೀರಿನಲ್ಲಿ ತಕ್ಕಮಟ್ಟಿಗೆ ಉಪ್ಪಿರಬೇಕು.

ಆ ಉಪ್ಪೇ ರೈತನಿಗೆ ವೈರಿ. ಕುಟ್ಟನಾಡಿನ ಭತ್ತದ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿವೆ. ಉಪ್ಪುನೀರು ಹೊಕ್ಕರೆ ಬೆಳೆ ನಾಶ. ಅವುಗಳ ರಕ್ಷಣೆಗೆಂದೇ 1976ರ ವೇಳೆಗೆ ತಣ್ಣೀರ್‌ಮುಕ್ಕಂ ಒಡ್ಡು ಕಾರ್ಯಾರಂಭ ಮಾಡಿತು. ಡಿಸೆಂಬರ್ ನಡುವಿನಲ್ಲಿ ಮುಚ್ಚಿ ಮಾರ್ಚ್ ನಡುವಿನಲ್ಲಿ ಬಾಗಿಲು ತೆರೆಯುವುದು ಮೂಲ ಯೋಜನೆ. ಬಿತ್ತನೆ ತಡವಾದರೆ ಕೊಯ್ಲೂ ತಡ. ಬಾಗಿಲು ಏಪ್ರಿಲ್ ದಾಟಿಯೂ ಮುಚ್ಚಿರುವುದುಂಟು. ಒಡ್ಡಿನ ದಕ್ಷಿಣಕ್ಕೆ ಉಪ್ಪು ತಗ್ಗಿ ಕಕ್ಕದ ಸಂತತಿ ಕ್ಷೀಣಿಸಿತು. ಜೊತೆಗೆ ಎಳೆಯ ಕಕ್ಕವನ್ನೂ ಬಾಚುವ ದುರಭ್ಯಾಸ ಬೇರೆ. ಇಲ್ಲಿ ರೈತನದೂ ತಪ್ಪಿಲ್ಲ, ಕಕ್ಕ ಹಿಡಿಯುವವನದೂ ಸುಳ್ಳು ದೂರಲ್ಲ.

2002ರಲ್ಲಿ ವೇಂಬನಾಡು ರಾಮ್ಸರ್ ಒಪ್ಪಂದದ ಜೌಗುಭೂಮಿಗಳ ಪಟ್ಟಿಗೆ ಸೇರಿತು. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಎಳೆಯ ಕಕ್ಕಗಳನ್ನು ದಟ್ಟವಾಗಿರುವ ಕಡೆಯಿಂದ ತಂದು ಬರಿದಾದ ಕಡೆ ಬಿತ್ತುವ ಪ್ರಯೋಗ ನಡೆಸಿದೆ. ಬಿತ್ತಿದ್ದು ಬೆಳೆಯುತ್ತದೆ, ಅಲ್ಲಿಯೇ ಮರಿಯಾಗಲು ಮಾತ್ರ ಬಾಗಿಲು ಸಕಾಲಕ್ಕೆ ತೆರೆಯಬೇಕು. ಆ ದಿನವನ್ನು ಇಂದಿಗೂ ಬಹುಮಟ್ಟಿಗೆ ನಿರ್ಧರಿಸುವುದು ಕುಟ್ಟನಾಡಿನ ಕೊಯ್ಲು.